ಕಾಲಿದ್ದ ಬ್ಯಾಳಿ

ಮೇ ತಿಂಗಳ ಕಲಬುರಗಿಯಲ್ಲಿ ಒಬ್ಬ ಮನುಷ್ಯ ಫ್ಯಾನಿಲ್ಲದೆ ಕೂತಿದ್ದಾನೆಂದರೆ ಒಂದೋ ಕರೆಂಟ್ ಹೋಗಿರಬೇಕು, ಇಲ್ಲಾ ಅವನ ತಲೆ ಕೆಟ್ಟಿರಬೇಕು. ನಮ್ಮ ಮನೆಯಲ್ಲಿ ಕರೆಂಟ್ ಇತ್ತು.

ಕೈಯಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಐರನ್. ಮೇಲೆ ಫ್ಯಾನ್ ತಿರುಗಿದರೆ ಅದರ ತುದಿ ಆರಿ ಬೆಸುಗೆ ಹಿಡಿಯುವುದಿಲ್ಲ. ಹೊರಗೆ 43 ಡಿಗ್ರಿ, ಒಳಗೆ ನಾನು ಮತ್ತು ಆನ್‌ಲೈನಿನಲ್ಲಿ ತರಿಸಿದ ಮೈಕ್ ಪ್ರೀಆಂಪ್ ಕಿಟ್, ಅಂದರೆ ಮೈಕಿನ ದನಿ ಹಿಗ್ಗಿಸುವ ಯಂತ್ರದ ಬಿಡಿಭಾಗಗಳು. ‘ಒಂದು ತಾಸಿನ ಕೆಲಸ’ ಅಂತ ಡಬ್ಬಿಯ ಮೇಲೆ ಬರೆದಿತ್ತು. ಅವತ್ತು ಮೂರನೇ ದಿನ.

ಅವ್ವ ಬೀಸುಕಲ್ಲಿನ ಪದ ಹಾಡುತ್ತಾಳೆ. ಫೋನಿನಲ್ಲಿ ಹಿಡಿದರೆ ಗಡಿಗೆಯೊಳಗೆ ಕೂತು ಹಾಡಿದಂತೆ ಕೇಳುತ್ತದೆ. ಭಜನೆಯವರ ಹಳೇ ಮೈಕೊಂದು ಮನೆಯಲ್ಲಿತ್ತು. ಅದರಿಂದ ಹೊರಡುವುದು ಒಂದೆರಡು ಮಿಲಿವೋಲ್ಟ್ ಅಷ್ಟೇ, ಅದನ್ನು ಹಿಗ್ಗಿಸಲು ಪ್ರೀಆಂಪ್ ಬೇಕು. 60 ಡೆಸಿಬೆಲ್ ಅಂದರೆ ಸಾವಿರ ಪಟ್ಟು ಅಂತ ಹೆಂಡತಿಗೆ ವಿವರಿಸಿದೆ.

“ಅತ್ತಿಯವರ ದನಿ ಈಗೇ ಓಣಿ ತುದಿ ತನಕ ಕೇಳ್ತದ. ಇನ್ನ ಸಾವಿರ ಪಟ್ಟು ಮಾಡಿ ಏನ್ ಮಾಡೋರಿದ್ದೀರಿ?”

ಮೊದಲ ಎರಡು ದಿನ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರುಗಳಿಗೇ ಹೋದವು. ಎಷ್ಟು ತಡೆ ಅನ್ನುವುದನ್ನು ಅವುಗಳ ಮೈಮೇಲಿನ ಬಣ್ಣದ ಪಟ್ಟಿ ನೋಡಿ ತಿಳಿಯಬೇಕು. ಕಂದು-ಕಪ್ಪು-ಕೆಂಪು ಪಟ್ಟಿ ಇದ್ದರೆ 1 ಕಿಲೋಓಮ್, ಕಂದು-ಕಪ್ಪು-ಕಿತ್ತಳೆ ಇದ್ದರೆ 10. ಈ ಬಣ್ಣ ಗುರುತಿಸುವ ಚಿತ್ರವನ್ನು ಪುಣ್ಯಾತ್ಮರು ಕಪ್ಪು-ಬಿಳುಪು ಝೆರಾಕ್ಸ್ ಮಾಡಿ ಕಳಿಸಿದ್ದರು!

ಅದೂ ಹೋಗಲಿ. ಕೆಪಾಸಿಟರ್ ಅಂತ ಕರೆಂಟ್ ಕೂಡಿಡುವ ಪುಟ್ಟ ಬಿಡಿಭಾಗ, ಅದರ ಪುಡಿಕೆ ಕತ್ತರಿಯಿಂದ ಕತ್ತರಿಸಬೇಕಿತ್ತು, ನಾನು ಹಲ್ಲಿನಿಂದ ಕಚ್ಚಿದೆ. ಪಟ್ ಅಂತ ಒಡೆಯಿತು. ‘104’ ಅಂತ ಬರೆದ ಆರು ಹಳದಿ ಕೆಪಾಸಿಟರುಗಳಲ್ಲಿ ಐದು ಶಹಾಬಾದ್ ಫರ್ಸಿಯ ಮೇಲೆ ಬಿದ್ದವು. ಆರನೆಯದು ಹೆಂಡತಿ ಹಸನು ಮಾಡುತ್ತಿದ್ದ ತೊಗರಿ ಬ್ಯಾಳಿಯ ಮೊರಕ್ಕೆ ಹಾರಿತು.

ನೋಡಿದವರಿಗೇ ಗೊತ್ತು, ಆ ಕೆಪಾಸಿಟರ್ ಥೇಟ್ ತೊಗರಿ ಬ್ಯಾಳಿ. ಅದೇ ಹಳದಿ, ಅದೇ ಗಾತ್ರ, ಹೊಟ್ಟೆಯೂ ಹಂಗೇ ಉಬ್ಬು. ನಮ್ಮ ಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿ ಅದರ ಗುರುತು ಜಗತ್ತಿಗೇ ಸಿಕ್ಕಿದೆ. ನನಗೆ ಮಾತ್ರ ಬ್ಯಾಳಿ ಯಾವುದು, ಕೆಪಾಸಿಟರ್ ಯಾವುದು ತಿಳಿಯಲಿಲ್ಲ.

“ಕೈ ಆಡಿಸಬ್ಯಾಡ, ಅದಕ್ಕ ಎರಡು ತಂತಿ ಕಾಲ ಅವ,” ಅಂದೆ.

“ಬ್ಯಾಳಿಗಿ ಕಾಲ ಬಂದ್ರ ಅದಕ್ಕ ಹುಳಾ ಅಂತಾರ್ರೀ,” ಅಂದು ಆಕೆ ಮೊರ ಎತ್ತಿ ಒಂದು ಸಲ ಕೇರಿಯೇಬಿಟ್ಟಳು.

ಮೊರದಲ್ಲಿದ್ದದ್ದು ಡಬ್ಬಿಯ ಬ್ಯಾಳಿಯೊಳಗೆ, ಡಬ್ಬಿಯದು ಮತ್ತೆ ಚಾದರದ ಮೇಲೆ. ವರ್ಷದ ಬ್ಯಾಳಿ, ಹತ್ತು ಕಿಲೋ. ಮಗಳು ಭೂತಗನ್ನಡಿ ಹಿಡಿದು ಒಂದೊಂದೇ ಎತ್ತಿ, “ಅಪ್ಪಾ, ಇದರ ಮ್ಯಾಲ 104 ಇಲ್ಲ. ಇದರ ಮ್ಯಾಲೂ ಇಲ್ಲ,” ಅಂತ ವರದಿ ಒಪ್ಪಿಸತೊಡಗಿದಳು. ಬಾಜು ಮನೆ ಅಕ್ಕ ಸಕ್ಕರೆ ಕೇಳಲು ಬಂದವರು, ಏನು ಹುಡುಕುತ್ತಿದ್ದೇವೆಂದು ಕೇಳದೆ ತಾವೂ ಕೂತರು. ಮುಕ್ಕಾಲು ತಾಸಾದ ಮೇಲೆ, “ಅಂದಂಗ ಏನ್ ಕಳದದ, ಮೂಗಬಟ್ಟೇನು?” ಅಂದರು. ಎರಡು ರೂಪಾಯಿ ಮಾಲು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅದು ಸಿಗಲೂ ಇಲ್ಲ. ಕೆಟ್ಟುಹೋದ ಹಳೇ ರೇಡಿಯೋದ ಬೋರ್ಡಿನಿಂದ ಒಂದು ಕಿತ್ತು ಹಾಕಿದೆ.

ಪ್ರೀಆಂಪ್ ಎದ್ದಿತು, ಜೊತೆಗೆ ‘ಗುಂಯ್’ ಅಂತ ಸಪ್ಪಳವೂ ಎದ್ದಿತು. ಅರ್ಥಿಂಗ್ ಎಲ್ಲೋ ಕೂತಿರಲಿಲ್ಲ. ಪ್ರೀಆಂಪಿನ ತಗಡಿನ ಡಬ್ಬಿಯ ಮೇಲೆ ಕೈ ಇಟ್ಟರೆ ಬಂದ್, ತೆಗೆದರೆ ಮತ್ತೆ ಗುಂಯ್. ಕೊನೆಗೆ ಎಡಗೈ ಡಬ್ಬಿಯ ಮೇಲಿಟ್ಟುಕೊಂಡೇ ಅವ್ವನನ್ನು ಹಾಡಲು ಕೂಡಿಸಿದೆ.

“ಅದನ್ಯಾಕ ಹಂಗ ಹಿಡ್ಕೊಂಡು ಕುಂತಿಯೋ? ಓಡಿ ಹೋಗ್ತದೇನು?” ಅಂದು ಅವ್ವ ಸುರು ಮಾಡಿದಳು. ಮೂರನೇ ನುಡಿಗೆ ಹಣೆಯ ಬೆವರು ಕಣ್ಣಿಗಿಳಿಯಿತು, ಕೈ ಎತ್ತಿದೆ. ಉಳಿದ ಹಾಡಿನ ತುಂಬ ಗುಂಯ್.

ಅವ್ವನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಮೊದಲೆರಡು ನುಡಿ ಸುಮ್ಮನೆ ಕೇಳಿದಳು. ಮೂರನೆಯದಕ್ಕೆ ತಲೆ ಎತ್ತಿದಳು. ಬಲಗೈ ತಾನಾಗೇ ಸಣ್ಣಗೆ ತಿರುಗತೊಡಗಿತು.

“ಯಪ್ಪಾ, ಇದರಾಗ ಕಲ್ಲಿನ ಸಪ್ಪಳಾನೂ ಬಂದದಲ್ಲೋ!”

ನಮ್ಮ ಬೀಸುಕಲ್ಲು ಹಿತ್ತಲಿನ ಗೋಡೆಗೆ ಒರಗಿ ಇಪ್ಪತ್ತು ವರ್ಷವಾಯಿತು. ಒಂದೇ ಒಂದು ವೈರ್ ಬೆಸೆದರೆ ಗುಂಯ್ ಹೋಗುತ್ತದೆ. ಇನ್ನೂ ಬೆಸೆದಿಲ್ಲ. ಊಟಕ್ಕೆ ಕೂತಾಗ ಮಾತ್ರ ಬ್ಯಾಳಿಯನ್ನು ಬೆರಳಲ್ಲಿ ಹಿಸುಕಿ ನೋಡಿಯೇ ಬಾಯಿಗಿಡುತ್ತೇನೆ.