ತಮ್ಮನಿಗೆ ಹಠ ಅಲ್ಲ, ಹಲ್ಲುನೋವು

ನನ್ನ ತಮ್ಮನಿಗೆ ಈಗ 34 ವರ್ಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಅವನಿಗೆ ಬರೋದು ಇಪ್ಪತ್ತು ಮಾತು, ಅದರಲ್ಲೂ ಅರ್ಧ ನಮ್ಮ ಮನೆಯವರಿಗೆ ಮಾತ್ರ ತಿಳಿಯುವಂಥವು.

ಮೂರು ವರ್ಷದ ಹಿಂದೆ ಒಂದು ದಿನ ಇದ್ದಕ್ಕಿದ್ದ ಹಾಗೆ ಅಂಗೈಯಿಂದ ಕೆನ್ನೆಗೆ, ಕಿವಿ ಹತ್ತಿರ ಪಟಪಟ ಬಡಿದುಕೊಳ್ಳೋಕೆ ಶುರು ಮಾಡಿದ. ರಾತ್ರಿ ನಿದ್ದೆ ಇಲ್ಲ. ಅವನಿಗೆ ಪ್ರಾಣವಾದ ಮೊಸರವಲಕ್ಕಿ ತಟ್ಟೆಯನ್ನೂ ದೂಡಿಬಿಟ್ಟ. "ಇವನಿಗೆ ಎಲ್ಲೋ ನೋವಿದೆ ಕಣೇ" ಅಂದಳು ಅಮ್ಮ. ಆಸ್ಪತ್ರೆಗೆ ಕರೆದುಕೊಂಡು ಹೋದ್ವಿ. ಡಾಕ್ಟ್ರು ಎರಡು ನಿಮಿಷ ನೋಡಿದರು. "ಇಂಥವರು ಹೀಗೇ ಅಮ್ಮ, ವಯಸ್ಸಾಗ್ತಾ ಹಠ ಜಾಸ್ತಿ ಆಗುತ್ತೆ" ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಬಾಯಿ ತೆರೆಸಿ ನೋಡಲೇ ಇಲ್ಲ.

ಹನ್ನೊಂದನೇ ದಿನಕ್ಕೆ ಮುಖ ಊದಿಕೊಂಡಿತು. ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತು ಮೂರು ದಿನಕ್ಕೆ ಬಡಿದುಕೊಳ್ಳೋದು ನಿಂತಿತು, ತಾನೇ ಕೇಳಿ ಅವಲಕ್ಕಿ ತಿಂದ. ಹನ್ನೊಂದು ದಿನ ಆ ನೋವನ್ನು ಅವನು ಒಬ್ಬನೇ ತಿಂದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆಮೇಲೆ ಇದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕ ಹೆಸರು ಪಾಲಿನ್ ಹೆಸ್ಲಾಪ್. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕಿ. 2010ರಿಂದ ಎರಡು ವರ್ಷ, ನೈಋತ್ಯ ಇಂಗ್ಲೆಂಡಿನಲ್ಲಿ ತೀರಿಕೊಂಡ ಬೌದ್ಧಿಕ ವಿಕಲತೆಯ 247 ಜನರ ಸಾವನ್ನು ಇವರ ತಂಡ ಒಂದೊಂದಾಗಿ ತನಿಖೆ ಮಾಡಿತು. ಆಸ್ಪತ್ರೆಯ ಕಾಗದ ಪತ್ರ ನೋಡಿ ಸುಮ್ನಾಗಲಿಲ್ಲ. ಮನೆಯವರನ್ನು, ನೋಡಿಕೊಳ್ಳುತ್ತಿದ್ದವರನ್ನು ಕೇಳಿದರು. ಯಾವಾಗ ಹುಷಾರು ತಪ್ಪಿತು, ಯಾರಿಗೆ ಹೇಳಿದಿರಿ, ಅವರು ಏನು ಮಾಡಿದರು?

2013ರಲ್ಲಿ ವರದಿ ಬಂತು. ಬೇರೆಯವರಿಗಿಂತ ಈ ಗಂಡಸರು 13 ವರ್ಷ ಮೊದಲೇ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು. ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳು ಶೇ. 37. ಅಲ್ಲಿನ ಉಳಿದ ಜನರಲ್ಲಿ ಅದು ಶೇ. 13 ಮಾತ್ರ. ಕಾಯಿಲೆ ಪತ್ತೆ ಮಾಡೋದು ತಡ, ಪರೀಕ್ಷೆ ತಡ, ದೊಡ್ಡ ಡಾಕ್ಟರ ಹತ್ತಿರ ಕಳಿಸೋದು ತಡ. ಮನೆಯವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನೋ ದೂರಂತೂ ಮತ್ತೆ ಮತ್ತೆ. ಅಷ್ಟು ದೂರದ ದೇಶದ ವರದಿಯಲ್ಲಿ ನಮ್ಮಮ್ಮನೇ ಕೂತಿದ್ದಾಳೆ ಅನ್ನಿಸಿತು.

ನನ್ನ ತಮ್ಮನಿಗೆ ಆದದ್ದಕ್ಕೆ ಒಂದು ಹೆಸರೂ ಇದೆ: ಡಯಾಗ್ನೋಸ್ಟಿಕ್ ಓವರ್‌ಶಾಡೋಯಿಂಗ್. ರೋಗಿಯ ವಿಕಲತೆಯೊಂದೇ ಕಣ್ಣಿಗೆ ಬಿದ್ದು ರೋಗ ಅದರ ಹಿಂದೆ ಮರೆಯಾಗಿಬಿಡೋದು. ಚೀರಿದರೂ ಅದೇ ಕಾರಣ, ಊಟ ಬಿಟ್ಟರೂ ಅದೇ ಕಾರಣ.

ಹೆಸ್ಲಾಪ್ ಅವರ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2015ರಿಂದ ಇಂಗ್ಲೆಂಡಿನಲ್ಲಿ ಇಂಥ ಸಾವುಗಳನ್ನು ಪರಿಶೀಲಿಸುವ ಕಾರ್ಯಕ್ರಮವೇ ಶುರುವಾಯಿತು. ಅದರಿಂದ ಗಮನಕ್ಕೆ ಬಂದ ಒಂದು ವಿಷಯ ಮಲಬದ್ಧತೆ. ಹೌದು, ಹೊಟ್ಟೆ ಕಟ್ಟಿಕೊಂಡೇ ಜನ ಸತ್ತಿದ್ದಾರೆ. ಇವರಲ್ಲಿ ಎಷ್ಟೋ ಜನ ತೆಗೆದುಕೊಳ್ಳುವ ಫಿಟ್ಸ್ ಮಾತ್ರೆ, ಮನೋರೋಗದ ಮಾತ್ರೆಗಳಲ್ಲಿ ಕೆಲವು ಹೊಟ್ಟೆ ಕಟ್ಟಿಸುತ್ತವೆ. ಹೊಟ್ಟೆನೋವು ಅಂತ ಹೇಳೋಕೆ ಬರದಿದ್ದರೆ ಅದೂ ಹಠದ ಲೆಕ್ಕಕ್ಕೇ ಹೋಗುತ್ತದೆ. ಮನೆಯಲ್ಲಿ ಇಂಥ ಮಗುವೋ ದೊಡ್ಡವರೋ ಇದ್ದರೆ ದಯವಿಟ್ಟು ಇದನ್ನೊಂದು ಗಮನಿಸಿ.

ನಮ್ಮಲ್ಲೂ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ, ಚಿಕಿತ್ಸೆಯಲ್ಲಿ ಇವರಿಗೆ ಮೊದಲ ಆದ್ಯತೆ ಕೊಡಬೇಕು ಅಂತ ಬರೆದಿದೆ. ಆದರೆ ನಾವು ಮೂರು ಗಂಟೆ ಕ್ಯೂನಲ್ಲಿ ನಿಂತಿದ್ದೇವೆ. ಗದ್ದಲ ಕೇಳಿ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟರೆ ಸುತ್ತಲಿನವರು ಮೊಬೈಲ್ ಎತ್ತುತ್ತಾರೆ. ಬೆಳಗ್ಗೆ ಮೊದಲ ಟೋಕನ್ ಕೊಡೋಕೆ ಖರ್ಚೇನೂ ಇಲ್ಲ ಅಲ್ವಾ? ಇಲ್ಲೂ ಯಾರಾದರೂ ಹೆಸ್ಲಾಪ್ ಥರ ನಮ್ಮ ಮನೆಗಳಿಗೆ ಬಂದು ಕೂತು ಕೇಳಬೇಕು, ಬರೆದುಕೊಳ್ಳಬೇಕು. ನಾವು ಹೇಳೋಕೆ ಸಿದ್ಧ ಇದ್ದೇವೆ.

ಅಲ್ಲಿಯವರೆಗೆ ಅಮ್ಮ ಒಂದು ಹಾಳೆ ಬರೆದಿಟ್ಟಿದ್ದಾಳೆ. ಅವನು ಚೆನ್ನಾಗಿದ್ದಾಗ ಹೇಗಿರುತ್ತಾನೆ, ನೋವಾದರೆ ಏನು ಮಾಡುತ್ತಾನೆ, ಯಾವ ಮಾತ್ರೆ, ಮುಟ್ಟುವ ಮೊದಲು ತೋರಿಸಿ ಹೇಳಿ. ಮೊನ್ನೆ ಗಂಟಲುನೋವಿಗೆ ಹೋದಾಗ ಹೊಸ ಡಾಕ್ಟ್ರು ಆ ಹಾಳೆಯನ್ನು ಪೂರ್ತಿ ಓದಿದರು. ಟಾರ್ಚ್ ತೆಗೆದು ಮೊದಲು ಅಮ್ಮನ ಬಾಯಿಗೆ ಬಿಟ್ಟು ನೋಡಿದರು. ಆಮೇಲೆ ಅವನ ಕಡೆ ತಿರುಗಿದರು. ಅವನು ತಾನಾಗಿಯೇ ಬಾಯಿ ತೆರೆದ.