ಏಣಿ ಎಳೆದವರು ಯಾರು?

ಪರೀಕ್ಷೆಗೆ ಓದುವ ಹುಡುಗರ ಬಾಯಲ್ಲಿ ಒಂದು ಮಾತಿದೆ: ‘ಚಾಯ್ಸಲ್ಲಿ ಬಿಡೋಣ’. ಕಷ್ಟ ಅನ್ನಿಸಿದ ಪಾಠವನ್ನೆಲ್ಲ ಹೀಗೆ ಮರ್ಯಾದೆಯಿಂದ ಕಳಿಸಿಕೊಡಬಹುದು. ಸೆಕೆಂಡ್ ಪಿಯುಸಿಯಲ್ಲಿ ನಾನು ಮೊದಲು ಕಳಿಸಿಕೊಟ್ಟದ್ದು ಡಿಫರೆನ್ಸಿಯೇಷನ್ ಅನ್ನು. ದೀಪಾವಳಿ ಹೊತ್ತಿಗೆ ಇಂಟಿಗ್ರೇಷನ್ ಹೋಯಿತು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಡಿಫರೆನ್ಷಿಯಲ್ ಈಕ್ವೇಷನ್ನನ್ನೂ ಹಂಚಿಬಿಟ್ಟೆ.

ಮಾರ್ಚ್ ಬಂತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕೂತು, ಯಾವ ಪಾಠಕ್ಕೆ ಎಷ್ಟು ಅಂಕ ಅಂತ ಕೂಡಿದೆ. ಇಡೀ ವರ್ಷದಲ್ಲಿ ನಾನು ಯಾರನ್ನೂ ನೋಡದೆ ಮಾಡಿದ ಮೊದಲ ಲೆಕ್ಕ ಅದೇ ಇರಬೇಕು. ಆಗಿನ 100 ಅಂಕದ ಪತ್ರಿಕೆಯಲ್ಲಿ ಹೆಚ್ಚುಕಮ್ಮಿ ಅರ್ಧ ಕ್ಯಾಲ್ಕುಲಸ್ಸೇ, ಅಂದರೆ ನಾನು ಕಳಿಸಿಕೊಟ್ಟ ಪಾಠಗಳೇ. ಅಷ್ಟನ್ನೂ ಬಿಡುವಷ್ಟು ಚಾಯ್ಸನ್ನು ಯಾವ ಬೋರ್ಡೂ ಕೊಡುವುದಿಲ್ಲ.

ಗಾಬರಿಯಾದಾಗ ಮನುಷ್ಯ ಮೊದಲು ಏನು ಮಾಡ್ತಾನೆ? ಟೈಮ್‌ಟೇಬಲ್ ಹಾಕ್ತಾನೆ. ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ, ಹಸಿರಿನಲ್ಲಿ ಪಾಠದ ಹೆಸರು. 4ರಿಂದ 5 ಕಂಟಿನ್ಯೂಯಿಟಿ. 5ರಿಂದ 6 ಡಿಫರೆನ್ಸಿಯೇಷನ್. ಮೂಲೆಯಲ್ಲಿ ಸಣ್ಣದಾಗಿ ಒಂದು ಗಣಪತಿ. ಎಲ್ಲ ಮುಗಿದಾಗ 5 ಗಂಟೆ 10 ನಿಮಿಷ. ಕಂಟಿನ್ಯೂಯಿಟಿ ಅಷ್ಟರಲ್ಲಿ ಮುಗಿದೇ ಹೋಗಿತ್ತು, ಹಾಗಾಗಿ ಇನ್ನೊಂದು ಟೈಮ್‌ಟೇಬಲ್ ಹಾಕಿದೆ. ಇದರಲ್ಲಿ ಗಣಪತಿ ಇರಲಿಲ್ಲ.

ನನ್ನ ನೋಟ್ಸ್ ಅನ್ನುವುದು ಗೆಳೆಯನೊಬ್ಬನ ನೋಟ್ಸಿನ ಜೆರಾಕ್ಸ್. ಬಹಳ ಚೊಕ್ಕ ಹುಡುಗ. ಆದರೆ ಇಂಟಿಗ್ರೇಷನ್ ಶುರುವಾದ ಮೇಲೆ ಪುಟದ ಅಂಚಿನಲ್ಲಿ ಪದೇ ಪದೇ ‘ಐ ಲೇಟ್’ ಅಂತ ಬರೆದಿದ್ದ. ಒಂದು ಪುಟದಲ್ಲಂತೂ ಮೂರು ಸಲ, ಕೆಳಗೆ ಗೆರೆ ಬೇರೆ. ಪಾಪ, ಬಸ್ಸು ಸರಿಯಾಗಿ ಸಿಗ್ತಿಲ್ಲವೇನೋ, ಕ್ಲಾಸಿಗೆ ತಡವಾದ ದಿನಗಳನ್ನೆಲ್ಲ ಗುರುತು ಹಾಕಿಕೊಂಡಿದ್ದಾನೆ ಅಂದುಕೊಂಡೆ. ಸಂಜೆ ಫೋನ್ ಮಾಡಿದಾಗ ಸುಮ್ನೆ ಕೇಳಿಯೂ ಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ.

“ಅದು ಇಂಟಿಗ್ರೇಷನ್ ಬೈ ಪಾರ್ಟ್ಸ್ ಕಣೋ” ಅಂದ. ಎರಡು ಫಂಕ್ಷನ್ ಗುಣಾಕಾರದಲ್ಲಿದ್ದರೆ ಮೊದಲನೆಯದು ಯಾವುದು ಅಂತ ಆರಿಸಿಕೊಳ್ಳುವ ಕ್ರಮವಂತೆ. ಇನ್ವರ್ಸ್, ಲಾಗ್, ಆಲ್ಜೀಬ್ರಾ, ಟ್ರಿಗ್ನಾಮೆಟ್ರಿ, ಎಕ್ಸ್‌ಪೊನೆನ್ಷಿಯಲ್. ಐದರ ಮೊದಲ ಅಕ್ಷರ ಸೇರಿಸಿದರೆ ಐಲೇಟ್. ನಿಜವಾಗಿ ಲೇಟಾಗಿದ್ದವನು ನಾನು. “ನಿಂದೆಷ್ಟಾಯ್ತು?” ಅಂದೆ. “ಏನೂ ಓದಿಲ್ಲ ಮಾರಾಯ, ಮೂರನೇ ಸಲ ರಿವಿಷನ್ ಮಾಡ್ತಾ ಇದೀನಿ ಅಷ್ಟೆ” ಅಂದ. ಇಂಥವರ ಜೊತೆ ಪರೀಕ್ಷೆಯ ಹಿಂದಿನ ದಿನ ಮಾತಾಡಲೇಬಾರದು.

ಏಳೂವರೆಗೆ ಕರೆಂಟ್ ಹೋಯಿತು. ಮಾರ್ಚ್ ಅಲ್ವಾ, ಅದಕ್ಕೂ ಒಂದು ಟೈಮ್‌ಟೇಬಲ್ ಇತ್ತು. ನಾನು ಜಗಲಿಯಲ್ಲಿ ಎಣ್ಣೆ ದೀಪದ ಮುಂದೆ ಕೂತು ಡಿವೈ ಬೈ ಡಿಎಕ್ಸ್, ಡಿವೈ ಬೈ ಡಿಎಕ್ಸ್ ಅಂತ ಗುನುಗತೊಡಗಿದೆ. ಅಜ್ಜಿ ಪಕ್ಕಕ್ಕೆ ಬಂದು ಕೈಮುಗಿದು ಕೂತಳು. ಯಾವ ದೇವರದು ಅಂತ ಕೇಳಲಿಲ್ಲ. ಆಮೇಲೆ ಪುಸ್ತಕದೊಳಗೆ ಇಣುಕಿ, “ಇದೇನೋ ಪಾತಾಳಗರಡಿ ಕೊಕ್ಕೆ ಇದ್ದಂಗಿದೆ?” ಅಂದಳು. ಇಂಟಿಗ್ರಲ್ ಚಿಹ್ನೆ. ಅದು ‘ಎಸ್’ ಅಕ್ಷರವನ್ನು ಉದ್ದಕ್ಕೆ ಎಳೆದದ್ದು, ಮೊತ್ತ ಅನ್ನುವ ಅರ್ಥಕ್ಕೆ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ 1675ರಲ್ಲಿ ಬರೆದದ್ದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಅವತ್ತಿಗೆ ಅಜ್ಜಿಯ ಮಾತೇ ಸರಿ ಅನ್ನಿಸಿತು. ಬಾವಿಗೆ ಬಿದ್ದವನಿಗೆ ಬೇಕಾದದ್ದು ಕೊಕ್ಕೆಯೇ.

“ಲೆಕ್ಕ ಏನು ಓದು” ಅಂದಳು. ಏಣಿ ಲೆಕ್ಕ ಓದಿದೆ. 5 ಮೀಟರ್ ಉದ್ದದ ಏಣಿ ಗೋಡೆಗೆ ಒರಗಿದೆ. ಅದರ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಹಿಂದಕ್ಕೆ ಎಳೆಯುತ್ತಿದ್ದಾರೆ. ಬುಡ ಗೋಡೆಯಿಂದ 4 ಮೀಟರ್ ದೂರ ಬಂದಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತಿರುತ್ತದೆ?

“ಯಾರೋ ಅದು ಎಳೀತಿರೋದು?”

“ಪುಸ್ತಕದಲ್ಲಿ ಹೇಳಿಲ್ಲ ಅಜ್ಜಿ.”

“ಮೇಲೆ ಯಾರಾದ್ರೂ ಇದ್ರೆ? ಮೊದಲು ಅದನ್ನ ಕೇಳ್ಬೇಕಪ್ಪ ಪರೀಕ್ಷೇಲಿ.”

ಉತ್ತರ ಸುಲಭ ಇದೆ. ಬುಡದ ದೂರವನ್ನು ತುದಿಯ ಎತ್ತರದಿಂದ ಭಾಗಿಸಿ, ಬುಡದ ವೇಗದಿಂದ ಗುಣಿಸಬೇಕು. ಎತ್ತರ 3 ಮೀಟರ್, ಹಾಗಾಗಿ ಸೆಕೆಂಡಿಗೆ 8/3 ಸೆಂಟಿಮೀಟರ್. ನಾನು ಇದನ್ನು ಬಾಯಿಪಾಠ ಮಾಡುತ್ತಿದ್ದಾಗಲೇ ಅಮ್ಮ ಅಡುಗೆಮನೆಯಿಂದ ಕೂಗಿದಳು. ಅಟ್ಟದ ಮೇಲೆ ಮೇಣದ ಬತ್ತಿ ಇದೆ, ಇಳಿಸಿಕೊಡು.

ತಿಪಟೂರು ಕಡೆ ಅಟ್ಟ ಅಂದರೆ ಕೊಬ್ಬರಿ. ಕಾಯಿ ಅಲ್ಲಿ ತಿಂಗಳುಗಟ್ಟಲೆ ಕೂತು, ತನ್ನ ಪಾಡಿಗೆ ತಾನು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಹಿಂದಿನ ದಿನ ರಾತ್ರಿ ಏನೂ ಮಾಡುವುದಿಲ್ಲ. ಆ ಕಾಯಿಗಳ ಆಚೆ, ದೀಪಾವಳಿ ಹಣತೆ ಡಬ್ಬದಲ್ಲಿ ಬತ್ತಿ ಇತ್ತು. ಕತ್ತಲಲ್ಲಿ ಏಣಿಯನ್ನು ಸ್ವಲ್ಪ ಜಾಸ್ತಿಯೇ ಓರೆಯಾಗಿ ಇಟ್ಟೆ ಅಂತ ಕಾಣುತ್ತದೆ. ಕೆಳಗೆ ನುಣುಪಾದ ರೆಡ್ ಆಕ್ಸೈಡ್ ನೆಲ. ಡಬ್ಬ ಕೈಗೆ ಸಿಕ್ಕಿತು. ಆಮೇಲೆ ಬುಡ ಮೆಲ್ಲಗೆ, ಬಹಳ ಮೆಲ್ಲಗೆ, ಹಿಂದಕ್ಕೆ ಜಾರತೊಡಗಿತು.

ಪುಸ್ತಕದವರು ಸುಳ್ಳು ಹೇಳಿಲ್ಲ ಅಂತ ನನಗೆ ಅವತ್ತು ಖಾತ್ರಿಯಾಯಿತು. ಬುಡ ಒಂದೇ ಹದದಲ್ಲಿ ಜಾರುತ್ತಿದ್ದರೂ ತುದಿ ಇಳಿದಷ್ಟೂ ಅದರ ವೇಗ ಏರುತ್ತಾ ಹೋಗುತ್ತದೆ. ಭಾಗಿಸಬೇಕಾದ ಎತ್ತರ ಸೊನ್ನೆಯ ಹತ್ತಿರ ಬರುತ್ತದಲ್ಲ, ಲೆಕ್ಕದ ಪ್ರಕಾರ ಕೊನೆಯಲ್ಲಿ ವೇಗ ಅನಂತ. ಭಾಸ್ಕರಾಚಾರ್ಯರು ಗ್ರಹಗಳ ಆ ಕ್ಷಣದ ವೇಗವನ್ನು 12ನೇ ಶತಮಾನದಲ್ಲೇ ‘ತಾತ್ಕಾಲಿಕ ಗತಿ’ ಅಂತ ಕರೆದಿದ್ದಾರಂತೆ. ನನಗೆ ಬಂದದ್ದೂ ಅದೇ ಗತಿ. ಪುಣ್ಯಕ್ಕೆ ತಾತ್ಕಾಲಿಕ. ಮೊಣಕೈ ತರಚಿತು, ಹಣತೆಗಳು ಹೋದವು, ನಾಲ್ಕು ಕಾಯಿ ನನ್ನ ಹಿಂದೆಯೇ ಇಳಿದು ಬಂದವು. ಅಮ್ಮ ಓಡಿ ಬಂದಳು. ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟೂ ಬಂತು.

ಮೊಣಕೈಗೆ ಅರಿಶಿನ ಮೆತ್ತಿಕೊಂಡು ರಾತ್ರಿ ಎರಡರವರೆಗೆ ಓದಿದೆ. ಏಣಿ ಲೆಕ್ಕವನ್ನು ಮಾತ್ರ ಮತ್ತೆ ನೋಡಲಿಲ್ಲ. ಅನುಭವದಿಂದ ಬಂದ ವಿದ್ಯೆ, ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಡೆಫಿನಿಟ್ ಇಂಟಿಗ್ರಲ್ಲಿನ ಒಂದು ಪ್ರಾಪರ್ಟಿ, ಅಂದರೆ ನಿಯಮ, ಉರು ಹೊಡೆದೆ. ಸೊನ್ನೆಯಿಂದ ‘ಎ’ವರೆಗೆ. ಪ್ರೂಫು, ಅದರ ಮೇಲೊಂದು ಲೆಕ್ಕ, ಆರು ಅಂಕ ಗ್ಯಾರಂಟಿ ಅಂತ ಗೆಳೆಯ ಹೇಳಿದ್ದ.

ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಬರೆಯುವ ಹಾಗಿಲ್ಲ, ಓದಬೇಕು ಅಷ್ಟೆ. ಮನುಷ್ಯನನ್ನು ಇಷ್ಟು ನಿಧಾನವಾಗಿ ಹೆದರಿಸುವ ಇನ್ನೊಂದು ಏರ್ಪಾಡು ನಾನು ನೋಡಿಲ್ಲ. ಪ್ರಾಪರ್ಟಿ ಬಂದಿತ್ತು, ಆದರೆ ಮೈನಸ್ ‘ಎ’ಯಿಂದ ‘ಎ’ವರೆಗೆ. ಆ ಮೈನಸ್ಸಿನಿಂದ ಸೊನ್ನೆವರೆಗಿನ ದಾರಿ ನಾನು ಓದಿರಲಿಲ್ಲ. ಅರ್ಧ ದಾರಿಯಿಂದ ಶುರುಮಾಡಿ ಬರೆದೆ.

ಬೆಲ್ಲಿಗೆ ಎರಡು ನಿಮಿಷ ಇದ್ದಾಗ ‘ಪ್ಲಸ್ ಸಿ’ ನೆನಪಾಯಿತು. ಎಲ್ಲಿಂದ ಎಲ್ಲಿವರೆಗೆ ಅಂತ ಹೇಳದ ಇಂಟಿಗ್ರೇಷನ್ ಮಾಡಿದ ಮೇಲೆ ಕೊನೆಗೆ ಅದೊಂದನ್ನು ಸೇರಿಸಬೇಕು, ಇಲ್ಲದಿದ್ದರೆ ಉತ್ತರ ಪೂರ್ತಿಯಲ್ಲ. ನಾನು ಒಂದಕ್ಕೂ ಹಾಕಿರಲಿಲ್ಲ. ಪುಟ ತಿರುವುತ್ತಾ, ಪಂಕ್ತಿಯಲ್ಲಿ ಉಪ್ಪು ಬಡಿಸಿದ ಹಾಗೆ, ಒಂದೆಲೆಯೂ ಬಿಡದೆ ಬಡಿಸಿಕೊಂಡು ಬಂದೆ. ಅದು ಬೇಕೇ ಇಲ್ಲದ ಒಂದು ಮ್ಯಾಟ್ರಿಕ್ಸ್ ಲೆಕ್ಕಕ್ಕೂ ಬಿತ್ತು.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕಾಯುತ್ತಿದ್ದಳು.

“ಏಣಿ ಬಂತೇನೋ?”

“ಇಲ್ಲ ಅಜ್ಜಿ. ಆಯತ ಬಂತು. ಬಾಗಿಲಿನ ಥರ. ಉದ್ದ ಕಮ್ಮಿಯಾಗ್ತಾ ಇರುತ್ತೆ, ಅಗಲ ಜಾಸ್ತಿಯಾಗ್ತಾ ಇರುತ್ತೆ.”

ಅಜ್ಜಿ ಒಂದು ಸಲ ಬಾಗಿಲು ನೋಡಿದಳು. ಆಮೇಲೆ ನನ್ನ ಮೊಣಕೈ ನೋಡಿದಳು.

“ಹಂಗಾದ್ರೆ ಸುಮ್ನೆ ಬಿದ್ದೆ” ಅಂದು, ಅರಿಶಿನದ ಬಟ್ಟಲು ತರಲು ಒಳಗೆ ಹೋದಳು.