ಸೈನ್ ಆಯ್ತಾ?

ಇವತ್ತೂ ಸೈನ್ ಆಗ್ಲಿಲ್ಲ. ಹಾಸ್ಟೆಲ್‌ಗೆ ಬಂದು ಶೂ ಕೂಡ ಬಿಚ್ಚದೆ ಟೈಪ್ ಮಾಡ್ತಿದೀನಿ, ಸಿಟ್ಟು ಆರೋದ್ರೊಳಗೆ ಬರೆದುಬಿಡ್ಬೇಕು. ಇಂಜಿನಿಯರಿಂಗ್ ಓದಿದೋರಿಗೆ ಯಾವ ಸೈನು ಅಂತ ಬಿಡಿಸಿ ಹೇಳೋದೇ ಬೇಡ. ಮಿಕ್ಕೋರಿಗೆ ಹೇಳ್ತೀನಿ, ಫಿಸಿಕ್ಸ್ ಲ್ಯಾಬ್ ರೆಕಾರ್ಡಿಗೆ, ಅಂದ್ರೆ ಮಾಡಿದ ಎಕ್ಸ್‌ಪೆರಿಮೆಂಟ್ ಬರೆಯೋ ಬುಕ್ಕಿಗೆ, ಸರ್ ಹಾಕೋ ಸೈನು.

ಪಿಯುಸಿಲಿ ಇದ್ದಾಗ ಮದುವೆ ಮನೆ, ಗೃಹಪ್ರವೇಶ ಎಲ್ಲಿ ಹೋದ್ರೂ ಯಾರಾದ್ರೊಬ್ರು ಮಾವ ಸಿಕ್ಕಿ 'ಇದೊಂದ್ ಎರಡು ವರ್ಷ ಕಷ್ಟಪಟ್ಬಿಡು ಮಗ, ಆಮೇಲೆ ಆರಾಮ್' ಅಂತಿದ್ರು. ಹಾಗಂದ ಅಷ್ಟೂ ಜನರನ್ನ ಒಂದು ರೂಮಲ್ಲಿ ಕೂಡಾಕಿ ಫರ್ಮಿ ಎನರ್ಜಿ ಎಕ್ಸ್‌ಪೆರಿಮೆಂಟ್ ಬರೆಸ್ಬೇಕು ಅಂತ ನಂಗೆ ಬಹಳ ಆಸೆ. ಬಲಗಡೆ ಗೆರೆ ಇರೋ ಪೇಜಲ್ಲಿ ಪೆನ್ನು, ಎಡಗಡೆ ಖಾಲಿ ಪೇಜಲ್ಲಿ ಪೆನ್ಸಿಲ್ಲು. ಮೊದಲು ಅಬ್ಸರ್ವೇಷನ್ ಬುಕ್ಕು, ಅದಕ್ಕೆ ಸೈನು, ಆಮೇಲೆ ಅದನ್ನೇ ಅಕ್ಷರ ಬಿಡದೆ ರೆಕಾರ್ಡಿಗೆ ಇಳಿಸೋದು, ಅದಕ್ಕಿನ್ನೊಂದು ಸೈನು. ನಾನು ಸೇರಿರೋದು ಕಂಪ್ಯೂಟರ್ ಸೈನ್ಸು ಕಣ್ರೀ, ಅದರಲ್ಲಿ ಕಾಪಿ ಪೇಸ್ಟ್ ಅಂತ ಒಂದು ಸೌಲಭ್ಯ ಇದೆ ಅಂತ ಕೇಳಿದೀನಿ.

ಬರೆಯೋದು ಬಿಟ್ಬಿಡೋಣ ಅಂದ್ರೂ ಆಗಲ್ಲ. ನಮ್ಮ ಯೂನಿವರ್ಸಿಟಿ ವಿಟಿಯು ಸ್ಕೀಮಲ್ಲಿ ಇಂಟರ್ನಲ್ಸ್‌ಗೆ, ಅಂದ್ರೆ ಕಾಲೇಜಲ್ಲೇ ಕೊಡೋ ಮಾರ್ಕ್ಸಿಗೆ, 50, ಅದರಲ್ಲಿ 25 ಲ್ಯಾಬಿಗೆ, ಆ 25ರಲ್ಲಿ 15 ಪ್ರಾಕ್ಟಿಕಲ್ ಮಾಡಿ ರೆಕಾರ್ಡ್ ಬರೆದಿದ್ದಕ್ಕೇ. ಬುದ್ಧಿ ಇಲ್ದಿದ್ರೂ ಕೈಬರಹದಿಂದ ಬದುಕ್ಕೋಬಹುದು ಅನ್ನೋ ಲೆಕ್ಕ, ಆದರೆ ಮಧ್ಯದಲ್ಲಿ ಸರ್ ಇದಾರೆ.

ಸರ್ ಕೆಟ್ಟೋರಲ್ಲ, ಮೊದಲೇ ಹೇಳ್ಬಿಡ್ತೀನಿ. ಪಾಠಾನೂ ಚೆನ್ನಾಗೇ ಮಾಡ್ತಾರೆ. ಅವರದ್ದೊಂದು ಪೆನ್ನಿದೆ, ರೆಡ್ ಇಂಕು, ಕ್ಯಾಪ್ ಇರೋದು. ಸ್ಟಾಫ್ ರೂಮ್ ಬಾಗಿಲಿಂದ ಮೆಟ್ಟಿಲವರೆಗೂ ನಾವು ರೆಕಾರ್ಡ್ ಎದೆಗವಚಿಕೊಂಡು ಲೈನಲ್ಲಿ ನಿಂತಿರ್ತೀವಿ. ನಮ್ಮ ಸರದಿ ಬಂದಾಗ ರೆಕಾರ್ಡ್ ಇಸ್ಕೊಂಡು ಕೊನೇ ಪೇಜಿಂದ ಹಿಂದೆ ಹಿಂದೆ ತಿರುವ್ತಾ ಬರ್ತಾರೆ, ಯಾಕೆ ಹಿಂದಿಂದ ಅಂತ ಸೀನಿಯರ್‌ಗಳಿಗೂ ಗೊತ್ತಿಲ್ಲ. ಒಂದು ಪೇಜಲ್ಲಿ ನಿಲ್ಲಿಸ್ತಾರೆ. ಟಕ್ ಅಂತ ಕ್ಯಾಪ್ ತೆಗೀತಾರೆ. ಆ ಟಕ್ ಸೌಂಡಿಗೆ ಲೈನಲ್ಲಿ ಹಿಂದಿರೋರೆಲ್ಲ ಒಂದು ಹೆಜ್ಜೆ ಮುಂದೆ ಬರ್ತಾರೆ. ಪೆನ್ನು ಪೇಪರ್ ಹತ್ರ ಬರುತ್ತೆ, ಇನ್ನೇನು ತಾಗ್ಬೇಕು, ಅಲ್ಲೇ ಗಾಳೀಲಿ ನಿಂತ್ಕೊಳುತ್ತೆ. 'ಗ್ರಾಫಲ್ಲಿ ಸ್ಕೇಲ್ ಎಲ್ಲಿ?' ತೋರಿಸ್ತೀವಿ. 'ಇದು ರೈಟ್ ಟಾಪ್ ಕಾರ್ನರ್ರಾ?' ಅಂತಾರೆ. ಟಕ್, ಕ್ಯಾಪ್ ಮುಚ್ತು. ಎಲ್ಲರೂ ಒಂದು ಹೆಜ್ಜೆ ಹಿಂದೆ.

ಇನ್ನೊಂದು ವಾರ ಹೋದ್ರೆ ಸ್ಕೇಲ್ ಸರಿಯಾಗಿದೆ, ಯೂನಿಟ್ ಇಲ್ಲ, ಟಕ್. ಯೂನಿಟ್ ಇದ್ರೆ ಸರ್ಕ್ಯೂಟ್ ಡಯಾಗ್ರಾಮಿನ ಬಾಣ ಶಾರ್ಪ್ ಇಲ್ಲ, ಟಕ್. ಫರ್ಮಿ ಎನರ್ಜಿದಂತೂ ದೊಡ್ಡ ಕಥೆ, ತಾಮ್ರದೊಳಗಿನ ಎಲೆಕ್ಟ್ರಾನ್‌ಗಳ ಎನರ್ಜಿ ಅಳೆಯೋ ಎಕ್ಸ್‌ಪೆರಿಮೆಂಟ್ ಅದು. ತಾಮ್ರದ ಕಾಯಿಲ್ ಬಿಸಿನೀರಲ್ಲಿಟ್ಟು, ನೀರು ತಣ್ಣಗಾಗ್ತಾ ಆಗ್ತಾ ರೀಡಿಂಗ್ ತಗೊಂಡು ಪ್ರತಿ ಟೆಂಪರೇಚರ್‌ಗೂ ರೆಸಿಸ್ಟೆನ್ಸ್ ಲೆಕ್ಕ ಹಾಕಿ, ಗ್ರಾಫಿನ ಸ್ಲೋಪಿಂದ ಉತ್ತರ ತೆಗೀಬೇಕು. ನಾನು ಥರ್ಮಾಮೀಟರ್‌ನ ಕಣ್ಣು ಮಿಟುಕಿಸದೆ ನೋಡಿ ನಿಯತ್ತಾಗಿ ಬರೆದಿದ್ದೆ, 11 ಎಲೆಕ್ಟ್ರಾನ್ ವೋಲ್ಟ್ ಬಂತು. ಬರ್ಬೇಕಾಗಿದ್ದು 7ರ ಆಸುಪಾಸು. ಸರ್ ಒಂದ್ಸಲ ನನ್ನ ನೋಡಿ, ಒಂದ್ಸಲ ಉತ್ತರ ನೋಡಿ, 'ನಿನಗೋಸ್ಕರ ತಾಮ್ರ ಬದಲಾಗುತ್ತೇನಪ್ಪಾ?' ಅಂದ್ರು. ಪಕ್ಕದ ಬೆಂಚಿನೋನು 7ನ್ನ ಮೊದಲೇ ಬರ್ಕೊಂಡು, ಅಲ್ಲಿಂದ ಉಲ್ಟಾ ಲೆಕ್ಕ ಮಾಡಿ, ಕಾಯಿಲ್ ಕಡೆ ತಿರುಗಿ ಕೂಡ ನೋಡದೆ ಟೇಬಲ್ ತುಂಬಿಸಿದ್ದ. ಅವನಿಗೆ ಸೈನೂ ಆಯ್ತು, 'ನೀಟಾಗಿದೆ' ಅಂತ ಹೊಗಳಿಕೆ ಬೇರೆ.

ಮೊದಲನೇ ವರ್ಷ ಅರ್ಧ ಜನಕ್ಕೆ ಮೊದಲು ಫಿಸಿಕ್ಸು, ಇನ್ನರ್ಧಕ್ಕೆ ಕೆಮಿಸ್ಟ್ರಿ. ಆ ಕೆಮಿಸ್ಟ್ರಿ ಸೈಕಲ್‌ನಲ್ಲಿರೋ ರೂಮ್‌ಮೇಟ್ ಸ್ಥಿತಿ ವಾಸಿ ಅನ್ಕೊಂಡಿದ್ದೆ. ಅವ್ನು ಅಲ್ಲಿ ಬ್ಯೂರೆಟ್ ಅನ್ನೋ ಗಾಜಿನ ಕೊಳವೆಯಿಂದ ಇಡಿಟಿಎ ಅನ್ನೋ ಕೆಮಿಕಲ್ ಹನಿ ಹನಿ ಹಾಕಿ ನೀರಿನ ಗಡಸುತನ ಕಂಡುಹಿಡೀತಾನೆ, ವೈನ್ ರೆಡ್ ಹೋಗಿ ನೀಲಿ ಆದ್ರೆ ಮುಗೀತು. ಒಂದಿನ ಉತ್ಸಾಹದಲ್ಲಿ ನಮ್ಮ ಹಾಸ್ಟೆಲ್ ಬೋರ್‌ವೆಲ್ ನೀರು ಬಾಟಲಲ್ಲಿ ತಗೊಂಡೋಗಿ ನೋಡಿದ್ನಂತೆ, ಬ್ಯೂರೆಟ್ ಖಾಲಿಯಾದ್ರೂ ನೀಲಿ ಆಗ್ಲೇ ಇಲ್ವಂತೆ. ನಲ್ಲಿ ಸುತ್ತ ಬಿಳೀ ಪದರ ಕಟ್ಟಿರೋದು, ಸೋಪು ನೊರೆ ಬರ್ದೇ ಇರೋದು, ಬಾಚಣಿಗೆ ತುಂಬಾ ಕೂದಲು, ಎಲ್ಲದಕ್ಕೂ ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಕಾರಣ ಅಂತ ಈಗ ಅವನ ವಾದ. ಕೂದಲಿಗೆ ಕಾರಣ ರೆಕಾರ್ಡು ಅಂತ ನನ್ನ ಅನುಮಾನ.

ಇವತ್ತಿನ ಕಥೆ ಕೇಳಿ. ಎಲ್ಲಾ ಸರಿಯಾಗಿತ್ತು. ಸ್ಕೇಲ್ ಮೂಲೇಲಿ, ಬಾಣ ಸೂಜಿ ಥರ, ತಾಮ್ರ ಕೂಡ ಒಪ್ಕೊಂಡು 7ಕ್ಕೆ ಬಂದಿತ್ತು. ಸರ್ ಹಿಂದಿಂದ ಮುಂದಿನವರೆಗೂ ತಿರುವಿದ್ರು, ಏನೂ ಸಿಗ್ಲಿಲ್ಲ, ಸ್ವಲ್ಪ ಬೇಜಾರೇ ಆದಂಗಿತ್ತು. ಟಕ್. ಪೆನ್ನು ಪೇಪರಿಗೆ ತಾಗ್ತು, ತಾಗ್ತು ಸ್ವಾಮಿ! ಗೀಚಿದ್ರೆ ಬರೀ ಗುರುತು, ಬಣ್ಣ ಇಲ್ಲ. ಇಂಕ್ ಖಾಲಿ. ಜಾಡಿಸಿದ್ರು, ಊದಿದ್ರು, ನನ್ನ ರೆಕಾರ್ಡಿನ ಹಿಂದಿನ ರಟ್ಟಿನ ಮೇಲೇ ಸುತ್ತಿ ಸುತ್ತಿ ನೋಡಿದ್ರು. ನನ್ನ ಹತ್ರ ಬ್ಲೂ ಇದೆ ಸರ್ ಅಂದೆ. ಬ್ಲೂ ಇಂಕಲ್ಲಿ ಸೈನ್ ಹಾಕೋಕೆ ಹೇಳಿದೆನೋ ಆಸ್ತಿ ಬರ್ಕೊಡಿ ಅಂದೆನೋ ಅನ್ನೋ ಥರ ನೋಡಿ, 'ಇಷ್ಟು ಜನ ನಿಂತಿದೀರ, ಒಬ್ರ ಹತ್ರ ರೆಡ್ ಪೆನ್ ಇಲ್ವಾ? ಇಂಜಿನಿಯರ್‌ಗಳು ನೀವು' ಅಂದ್ರು. ಎದ್ದೂ ಬಿದ್ದೂ ಗೇಟಾಚೆ ಜೆರಾಕ್ಸ್ ಅಂಗಡಿಗೆ ಓಡಿದೆ. ಅಣ್ಣ ಮುಖ ನೋಡಿದ ತಕ್ಷಣ 'ರೆಡ್ಡಾ?' ಅಂದ. ಹತ್ತು ರೂಪಾಯಿ ಕೊಟ್ಟು ಏದುಸಿರು ಬಿಡ್ತಾ ವಾಪಸ್ ಬಂದ್ರೆ ಲೈನೂ ಇಲ್ಲ, ಸರೂ ಇಲ್ಲ. ಊಟಕ್ಕೆ ಹೋದ್ರು, ಅಲ್ಲಿಂದ ಮೀಟಿಂಗಂತೆ.

ಸಂಜೆ ಅಮ್ಮ ತಿಪಟೂರಿಂದ ಫೋನ್ ಮಾಡಿದ್ರು. 'ಊಟ ಆಯ್ತಾ ಮಗ' ಅಂದ್ರು, ನಾನು 'ಇಲ್ಲಮ್ಮ, ಇನ್ನೂ ಸೈನ್ ಆಗಿಲ್ಲ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ಕೊಬ್ಬರಿ ಮಿಠಾಯಿ ಮಾಡಿ ಕಳಿಸ್ಲಾ' ಅಂದ್ರು. ಊರಲ್ಲಿ ಪಿಯು ಕಾಲೇಜಿನ ಮೇಷ್ಟ್ರಿಗೆ ನನ್ನ ಹೆಸರಷ್ಟೇ ಅಲ್ಲ, ನಮ್ಮ ತೋಟದಲ್ಲಿ ಈ ಸಲ ಕಾಯಿ ಎಷ್ಟು ಬಿತ್ತು ಅನ್ನೋದೂ ಗೊತ್ತಿತ್ತು. ಇಲ್ಲಿ ನಾನು 'ಏಯ್ ಫಿಫ್ಟಿ ಸೆವೆನ್'. ಮೊನ್ನೆ ಬಸ್‌ಸ್ಟಾಪಲ್ಲಿ ಯಾರೋ ನನ್ನ ಹೆಸರು ಕೂಗಿದ್ರೆ, ತಿರುಗಿ ನೋಡೋಕೇ ಸ್ವಲ್ಪ ಟೈಮ್ ಹಿಡೀತು.

ಈಗ ತಾನೇ ಕ್ಲಾಸ್ ಗ್ರೂಪಲ್ಲಿ ಮೆಸೇಜ್ ಬಂತು. ನಾಳೆಯಿಂದ ಸರ್ ವ್ಯಾಲ್ಯುಯೇಷನ್ ಡ್ಯೂಟಿ, ಬರೋದು ಸೋಮವಾರ. ಲ್ಯಾಬ್ ಇಂಟರ್ನಲ್ಸೂ ಸೋಮವಾರಾನೇ. ಸೈನ್ ಇಲ್ಲದ ರೆಕಾರ್ಡ್ ತಂದ್ರೆ ಒಳಗೆ ಬಿಡಲ್ಲ ಅಂತ ನೋಟಿಸ್ ಹಾಕಿದಾರಂತೆ, ಫೋಟೋ ಕಳಿಸಿದಾರೆ. ಜೂಮ್ ಮಾಡಿ ನೋಡಿದೆ. ಅದಕ್ಕೆ ಮಾತ್ರ ಸೈನ್ ಆಗಿದೆ, ಕೆಳಗೆ, ದೊಡ್ಡದಾಗಿ, ರೆಡ್ ಇಂಕಲ್ಲಿ.